ಲೋಡು ಕಟ್ಟಿದ ಬಿಡಾರದೊಳಗಿಂದ ಸಿದ್ದಪ್ಪನನ್ನು ಕೂಗಿದ್ದು

ಪ್ರಕೃತಿಯ ಮಹಾಶಕ್ತಿಯೆದುರು ಮನುಷ್ಯನು ಒಂದು ಧೂಳಿನ ಕಣಕ್ಕೆ ಸಮಾನ ಎನ್ನುತ್ತಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಧೂಳಿನ ಕಣವಾಗಿದ್ದರೆ ಗಾಳಿ ಬಂದಾಗ ಹಾರಿಯಾದರೂ ಹೋಗಬಹುದಿತ್ತು. ನಾವು ಮೂವರು ಹಾರುವುದಿರಲಿ, ಮಗ್ಗುಲು ಬದಲಿಸಲೂ ಆಗದಂತೆ ಟಾರ್ಪಾಲಿನೊಳಗೆ ಬಿಗಿಸಿಕೊಂಡು ಕೂತಿದ್ದೆವು. ಬಿಗಿದವನು ನಾನೇ.

ಬೋಳುಗುಡ್ಡದ ಸಿದ್ದಪ್ಪ ದೇವರ ಒಕ್ಕಲಿನ ಬಂಧುಗಳೆಲ್ಲರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಊರು ಹೊನ್ನವಳ್ಳಿ ಪಕ್ಕ. ತೆಂಗಿನ ತೋಟವಿದೆ, ಕೊಬ್ಬರಿ ವ್ಯಾಪಾರವಿದೆ. ನಮ್ಮ ಗುಡ್ಡ ಇರುವುದು ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ದಾರಿಯಲ್ಲಿ ಒಳಗೆ. ಮಳೆಗಾಲಕ್ಕೆ ಮುಂಚೆ ಅಲ್ಲಿ ಒಂದು ರಾತ್ರಿ ಬಿಡಾರ ಹೂಡಿ, ಅಡಿಗೆ ಮಾಡಿ, ಸಿದ್ದಪ್ಪನಿಗೆ ಎಡೆ ಇಟ್ಟು, ನೆಲದ ಮೇಲೆ ಮಲಗಿ ಬರುವುದು ನಮ್ಮ ಹಿರಿಯರಿಂದ ಬಂದದ್ದು. ಕಟ್ಟಳೆಗಳು ಎರಡೇ. ಗೋಡೆ ಕಟ್ಟಿದ ಸೂರಿನ ಕೆಳಗೆ ಮಲಗಬಾರದು. ಬಿಡಾರದೊಳಕ್ಕೆ ಕಬ್ಬಿಣ ತರಬಾರದು. ಅದಕ್ಕೇ ನಾವು ತರಕಾರಿಯನ್ನು ಮನೆಯಲ್ಲೇ ಹೆಚ್ಚಿಕೊಂಡು, ಮಚ್ಚು ಚಾಕುಗಳನ್ನೆಲ್ಲ ಗುಡಿಯ ಮುಂದಿನ ಕಲ್ಲಿನ ಹತ್ತಿರ ಬಿಟ್ಟು ಬರುತ್ತೇವೆ. ಈಚೆಗೆ ಕೆಲವರು ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಮಲಗೆದ್ದು, ಬಿಡಾರ ಆಯಿತು ಎನ್ನುತ್ತಾರೆ. ಕಾರು ಯಾವ ಲೋಹದ್ದು ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ.

ಹೋದ ಬೇಸಿಗೆಯ ಕೊನೆಯಲ್ಲಿ, ಒಂದು ಸೋಮವಾರ, ನಾನು, ನನ್ನ ಹೆಂಡತಿ ಸರ್ವಮಂಗಳ, ಅವಳ ತಮ್ಮ ರೇಣುಕಪ್ಪ ಮೂವರೂ ಅವನ ಕಾರಿನಲ್ಲೇ ಹೋದೆವು. ಕಾರನ್ನು ಸ್ವಲ್ಪ ಕೆಳಗೆ ನಿಲ್ಲಿಸಿ, ಒಂದು ಹಳೆಯ ಹುಣಸೆಮರದ ಪಕ್ಕ ಬಿದಿರು ಗಳ ನೆಟ್ಟು ಟಾರ್ಪಾಲು ಹೊದಿಸಿದೆ. ಮೂಡಲಲ್ಲಿ ಮೋಡ ಕಪ್ಪಾಗುತ್ತಿತ್ತು. ನಾನು ಹಗ್ಗ ತೆಗೆದುಕೊಂಡು ನನಗೆ ಗೊತ್ತಿರುವ ರೀತಿಯಲ್ಲಿ ಬಿಗಿಯತೊಡಗಿದೆ.

ನನಗೆ ಗೊತ್ತಿರುವುದು ಲಾರಿಗೆ ಕೊಬ್ಬರಿ ಲೋಡು ಕಟ್ಟುವ ರೀತಿ ಒಂದೇ. ನಮ್ಮ ಕಡೆಯ ಕೊಬ್ಬರಿ ಉತ್ತರದ ಊರುಗಳಿಗೆ ಹೋಗಬೇಕು. ದಾರಿಯಲ್ಲಿ ನೀರು ಒಳಗೆ ಇಳಿದರೆ ಮಾಲಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಟಾರ್ಪಾಲಿನ ಅಂಚನ್ನು ಒಳಕ್ಕೆ ಮಡಿಸಿ, ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಹಗ್ಗ ಎಳೆದು, ಗಂಟೆಲ್ಲ ಹೊರಗೆ ಬರುವಂತೆ ಕಟ್ಟುತ್ತೇವೆ. ನಾನು ಕಟ್ಟಿಸಿದ ಲೋಡಿನೊಳಗೆ ನೀರು ಹೋಯಿತೆಂದು ಯಾವ ಸೇಟೂ ದೂರು ಹೇಳಿದ್ದಿಲ್ಲ. ಆ ಲೋಡುಗಳೊಳಗೆ ಉಸಿರಾಡುವಂಥದ್ದು ಏನೂ ಇರಲಿಲ್ಲ ಎಂಬ ಅಂಶ ಆಗ ನನಗೆ ಮುಖ್ಯವೆನ್ನಿಸಲಿಲ್ಲ.

ರೇಣುಕಪ್ಪ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದ. "ಭಾವ, ಇದು ನಾವು ಮಲಗಾಕೋ, ಡೆಲ್ಲಿಗೆ ಕಳ್ಸಾಕೋ?"

"ಗಾಳಿ ಬಂದಾಗ ಗೊತ್ತಾಯ್ತದೆ ಬುಡು," ಎಂದೆ.

ಗೊತ್ತಾಯಿತು. ಸರ್ವಮಂಗಳ ಬಿಡಾರದ ಬಾಯಲ್ಲಿ ಮೂರು ಕಲ್ಲಿನ ಒಲೆ ಹೂಡಿ ಪಾಯಸ ಇಳಿಸಿದ್ದಳಷ್ಟೆ. ಸಂಜೆ ಬೆಳಕು ಇನ್ನೂ ಇತ್ತು. ಮೊದಲು ಮಣ್ಣು ಎದ್ದಿತು, ಹಿಂದೆಯೇ ಮಳೆ ಅಡ್ಡಡ್ಡಲಾಗಿ ಬಂತು. ಮೂವರೂ ಪಾಯಸದ ಪಾತ್ರೆ ಸಮೇತ ಒಳಗೆ ನುಗ್ಗಿದೆವು. ಒಲೆ ಆರಿ, ಅದರ ಹೊಗೆಯಷ್ಟೂ ನಮ್ಮ ಹಿಂದೆಯೇ ಒಳಗೆ ಬಂತು. ಆಮೇಲೆ ಗುಡ್ಡವೇ ಬಿರುಕು ಬಿಟ್ಟಂಥ ಸದ್ದಾಗಿ, ಹುಣಸೆಯ ದೊಡ್ಡ ಕೊಂಬೆ ಸರಿಯಾಗಿ ಬಿಡಾರದ ಬಾಯಿಗೆ ಅಡ್ಡ ಬಿತ್ತು. ಒಂದು ತುದಿ ಬಂಡೆಯ ಮೇಲೆ ನಿಂತದ್ದರಿಂದ ನಾವು ಜಜ್ಜಿಹೋಗಲಿಲ್ಲ. ಆದರೆ ಗಳಗಳು ಮುರಿದು, ಟಾರ್ಪಾಲು ನಮ್ಮ ತಲೆಯ ಮೇಲೇ ಕೂತಿತು.

"ಭಾವ, ಬಿಚ್ರಿ ಬೇಗ!"

"ಗಂಟು ಹೊರಗೈತೆ ಕಣಪ್ಪ."

"ಎಲ್ಲವೂವೇ?"

"ಎಲ್ಲವೂವೇ."

ರೇಣುಕಪ್ಪ ಉಗುರಿನಿಂದ ಕೆರೆದ, ಹಲ್ಲು ಹಾಕಿದ. "ಹಲ್ಲೇ ಅಳ್ಳಾಡ್ತೈತೆ. ಎಂಥಾ ಮಾಲು ತಂದಿದೀರಿ! ಒಂದು ಚಾಕು ಇದ್ದಿದ್ರೆ..."

"ಕಬ್ಬಿಣ ಒಳಗೆ ತರಂಗಿಲ್ಲ."

"ಒಳಗೆ ತರಂಗಿಲ್ಲ, ಸರಿ. ಒಳಗಿರೋರ್ನ ಹೊರಗೆ ಬುಡಂಗಿಲ್ಲ ಅಂತ ಯಾವ ಹಿರೀಕ ಹೇಳವ್ನೆ?"

ಅವನು ಅಂಚಿನ ಕೆಳಗೆ ಮಣ್ಣು ಕೆದಕಿ ಕೈ ತೂರಿಸಿದ. "ಕೈ ಹೊರಗೋಯ್ತು ಭಾವ!"

"ಮಿಕ್ಕಿದ್ದು?"

"ಅದು ಬರಲ್ವಂತೆ."

ಅಲ್ಲಿಯವರೆಗೆ ನನಗೂ ಒಳಗೊಳಗೇ ನಗು ಇತ್ತು ಎಂದೇ ಹೇಳಬೇಕು. ಆಗ ಸರ್ವಮಂಗಳಳ ಎದೆಯಿಂದ ಸೀಟಿಯಂಥ ಸದ್ದು ಕೇಳಿಸಿತು. ಅವಳಿಗೆ ದಮ್ಮಿನ ಕಾಯಿಲೆ. ಹೊಗೆ ಆಗುವುದಿಲ್ಲ. ಉಸಿರಿಗೆ ಎಳೆದುಕೊಳ್ಳುವ ಪಂಪು ಅವಳ ಚೀಲದಲ್ಲಿತ್ತು, ಚೀಲ ಕಾರಿನಲ್ಲಿತ್ತು, ಕಾರು ಕೂಗಳತೆಯಲ್ಲಿತ್ತು. ಫೋನುಗಳೂ ಅದರೊಳಗೇ ಇದ್ದವು.

"ಮಂಗಳಾ, ಹೆಂಗೈತೆ?" ಎಂದೆ. "ನಾನು ಕಟ್ಟಿದ್ದು ಸ್ವಲ್ಪ ಬಿಗಿ ಆಯ್ತು ಅಂತ ಕಾಣ್ತದೆ," ಎಂದೆ. ಮದುವೆಯಾದಂದಿನಿಂದ ಇಂಥ ಮಾತಿಗೆ ಅವಳು ಉತ್ತರ ಕೊಡದೆ ಬಿಟ್ಟದ್ದೇ ಇಲ್ಲ. ಈಗ ಬರಿಯ ಸೀಟಿ. ಅವಳ ಕೈ ಹುಡುಕಿ ಹಿಡಿದೆ. ಬೆರಳು ತಣ್ಣಗಿದ್ದವು. ನನ್ನ ನಗು ಅಲ್ಲಿಗೆ ಮುಗಿಯಿತು.

ನಾವು ಬೆನ್ನು ಕೊಟ್ಟು ದಬ್ಬಿದೆವು. ಕೂಗಿದೆವು. ಹಗ್ಗ ನೆನೆದು ಇನ್ನಷ್ಟು ಬಿಗಿಯಾಯಿತೇ ಹೊರತು ಒಂದು ಗಂಟೂ ಜಾರಲಿಲ್ಲ. ಟಾರ್ಪಾಲು ಮೂಗಿಗೆ ಅಂಟುತ್ತಿತ್ತು. ಕೆಳಗೆ ನೀರು ಹರಿದು ಬರುತ್ತಿತ್ತು. ರೇಣುಕಪ್ಪ ಮಾತು ನಿಲ್ಲಿಸಿ, "ಅಕ್ಕ, ಅಕ್ಕ," ಎಂದಷ್ಟೇ ಅನ್ನುತ್ತಿದ್ದ.

ನಾನು ಪ್ರಾರ್ಥನೆಗೆ ಕೂತರೆ ಸಾಮಾನ್ಯವಾಗಿ ಕ್ರಮಬದ್ಧವಾಗಿಯೇ ಮಾಡುವವನು. ಮೊದಲು ಸ್ತುತಿ, ಆಮೇಲೆ ಕ್ಷೇಮಸಮಾಚಾರ, ಕೊನೆಗೆ ಕೋರಿಕೆ. ಅಂದು ಕ್ರಮ ತಪ್ಪಿತು. "ಅಪ್ಪಾ ಸಿದ್ದಪ್ಪಾ, ಈ ಗಾಳಿ ನಿಲ್ಸು. ಇವಳನ್ನ ಉಳ್ಸು. ನಿಲ್ಸಪ್ಪಾ!" ಎಂದು ಗಂಟಲು ಹರಿಯುವಂತೆ ಅರಚಿದೆ.

ಗಾಳಿ ನಿಲ್ಲಲಿಲ್ಲ. ಎರಡರಷ್ಟಾಯಿತು.

ದೇವರು ನನ್ನ ಮಾತನ್ನು ತಲೆಕೆಳಗಾಗಿ ಕೇಳಿಸಿಕೊಂಡನೇ ಎಂದು ಎದೆ ಒಡೆಯಿತು. ಇನ್ನು ಕೂಗುವುದಕ್ಕೂ ಏನೂ ಉಳಿದಿರಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೆ. ಆಗ ಆ ಗಾಳಿ ಅಡಿಯಿಂದ, ರೇಣುಕಪ್ಪ ಕೆದಕಿದ್ದ ಸಂದಿನಿಂದ ಒಳಗೆ ಹೊಕ್ಕಿತು. ಟಾರ್ಪಾಲು ಹೊಟ್ಟೆ ಉಬ್ಬಿಸಿತು. ನನ್ನ ಗಂಟುಗಳು ಬಿಟ್ಟುಕೊಡಲಿಲ್ಲ. ಅವು ಬಿಟ್ಟುಕೊಟ್ಟಿದ್ದರೆ ಟಾರ್ಪಾಲು ಒಂದು ಸಲ ಪಟಪಟನೆ ಬಡಿದು ಮತ್ತೆ ನಮ್ಮ ಮೇಲೇ ಬೀಳುತ್ತಿತ್ತು. ಗಂಟು ಹಿಡಿದೇ ನಿಂತದ್ದರಿಂದ ಬಟ್ಟೆಯೇ ಉದ್ದಕ್ಕೂ ಪರ್ರೆಂದು ಸೀಳಿತು. ತಲೆಯ ಮೇಲೆ ಆಕಾಶ ಕಂಡಿತು. ಆಲಿಕಲ್ಲು ಮುಖಕ್ಕೆ ಬಡಿದವು. ಅಷ್ಟು ಸುಖವಾದ ಪೆಟ್ಟುಗಳನ್ನು ನಾನು ತಿಂದವನಲ್ಲ.

ಇಬ್ಬರೂ ಅವಳನ್ನು ಎತ್ತಿಕೊಂಡು ಕಾರಿಗೆ ಇಳಿದೆವು. ಪಂಪು ಎಳೆದುಕೊಂಡಳು. ಬೆರಳಿಗೆ ಸ್ವಲ್ಪ ಬಿಸಿ ಬಂತು, ಸೀಟಿ ಮಾತ್ರ ನಿಲ್ಲಲಿಲ್ಲ. ಟಾರು ರಸ್ತೆಗೆ ಬಂದರೆ ಅಲ್ಲಿ ಇನ್ನೊಂದು ಮರ ಅಡ್ಡ ಬಿದ್ದಿತ್ತು. ಅದರ ಆಚೆ, ಹುಳಿಯಾರಿಗೆ ಹೊರಟಿದ್ದ ಬಸ್ಸೊಂದು ಲೈಟು ಹಾಕಿಕೊಂಡು ನಿಂತಿತ್ತು. ನಮ್ಮ ಸ್ಥಿತಿ ನೋಡಿ ಕಂಡಕ್ಟರೇ ಮರ ಹತ್ತಿ ಈಚೆಗೆ ಬಂದ.

"ಏನಾಗೈತೆ ಯಜಮಾನ್ರೆ?"

"ದಮ್ಮು. ಆಸ್ಪತ್ರೆಗೆ ಹೋಗ್ಬೇಕು."

"ಕೈ ಕೊಡ್ರಿ ಮತ್ತೆ, ನಿಂತ್ಕಂಡ್ರೆ ಹೆಂಗೆ!" ಎಂದು, ಬಸ್ಸಿನೊಳಗಿದ್ದವರ ಕಡೆ ತಿರುಗಿ ಕೂಗಿದ. "ಬಸ್ಸು ವಾಪಸ್ ಚಿಕ್ನಾಯ್ಕನಳ್ಳಿಗೆ ಹೋಯ್ತದೆ. ಯಾರ್ದಾರಾ ತಕರಾರು ಐತಾ?"

ಯಾರ ತಕರಾರೂ ಇರಲಿಲ್ಲ. ಇದ್ದರೂ ಮರ ದಾಟಿ ಬಸ್ಸು ಮುಂದೆ ಹೋಗುವಂತಿರಲಿಲ್ಲ ಎನ್ನುವುದು ಬೇರೆ ಮಾತು. ಕೊಂಬೆಗಳ ನಡುವೆ ಕೈಯಿಂದ ಕೈಗೆ ದಾಟಿಸಿ ಸರ್ವಮಂಗಳಳನ್ನು ಹತ್ತಿಸಿದರು. ಒಬ್ಬಳು ಅಜ್ಜಿ ತನ್ನ ಸೆರಗಿನಿಂದ ಅವಳ ತಲೆ ಒರೆಸುತ್ತಾ, ದಾರಿಯುದ್ದಕ್ಕೂ ನನ್ನನ್ನು ವಿಚಾರಿಸಿಕೊಂಡಳು. "ಈ ವಯಸ್ನಾಗೆ ಗುಡಾರ ಬೇಕಿತ್ತೇನಪ್ಪ ನಿಂಗೆ? ಮನೆ ಮಠ ಇಲ್ವಾ?"

ನನ್ನ ಪರವಾಗಿ ಉತ್ತರ ಬಂದದ್ದು ಸೀಟಿನ ಮೂಲೆಯಿಂದ. ಸರ್ವಮಂಗಳ ಎರಡು ಉಸಿರಿನ ನಡುವೆ ನಿಲ್ಲಿಸಿ ನಿಲ್ಲಿಸಿ, "ಕೇಳ್ರಜ್ಜಿ... ನೀವೇ... ಸರಿಯಾಗಿ... ಕೇಳ್ರಿ," ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಮಳೆಯಲ್ಲಿ ನೆನೆದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಮ್ಮ ಒಡನೆಯೇ ಆಕ್ಸಿಜನ್ ಹಾಕಿ, ಮೂಗಿಗೆ ಔಷಧಿಯ ಹಬೆ ಕೊಟ್ಟು, ಸೂಜಿ ಚುಚ್ಚಿದರು. ಹೇಗಾಯಿತು ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಹಿಡಿದು ನನ್ನನ್ನೊಮ್ಮೆ ನೋಡಿದರು. ಆಮೇಲೆ "ಹೊಗೆ" ಎಂದಷ್ಟೇ ಬರೆದುಕೊಂಡರು. ದೊಡ್ಡ ಮನಸ್ಸಿನ ಹುಡುಗಿ.

ಗಾಳಿ ಜೋರಾದದ್ದು ಹವಾಮಾನ, ಅದರಲ್ಲಿ ಸಿದ್ದಪ್ಪನದೇನು ಎಂದು ನಮ್ಮ ಅಂಗಡಿಗೆ ಬರುವ ಕೆಲವರು ಹೇಳುತ್ತಾರೆ. ಇರಲಿ. ಹವಾಮಾನವನ್ನು ನಾನು ಕೂಗಿರಲಿಲ್ಲ. ನಾನು ಕೇಳಿದ್ದು ಎರಡು. ಗಾಳಿ ನಿಲ್ಲಿಸು ಎಂದೆ, ಇವಳನ್ನು ಉಳಿಸು ಎಂದೆ. ಮೊದಲನೆಯದನ್ನು ಕೊಟ್ಟಿದ್ದರೆ ಎರಡನೆಯದು ಸಿಗುತ್ತಿರಲಿಲ್ಲ. ಅವನು ನನಗಿಂತ ಚೆನ್ನಾಗಿ ಯೋಚಿಸಿದ. ಅಂದಿನಿಂದ ಸಿದ್ದಪ್ಪನ ಮುಂದೆ ನಿಂತಾಗ ಏನು ಬೇಕೆಂದು ಹೇಳುತ್ತೇನೆ, ಹೇಗೆ ಮಾಡಬೇಕೆಂದು ಹೇಳುವುದನ್ನು ಬಿಟ್ಟಿದ್ದೇನೆ. ಅವನ ಪಾದಕ್ಕೂ, ಆ ಬಸ್ಸಿನವರಿಗೂ, ಡಾಕ್ಟರಮ್ಮನಿಗೂ ನನ್ನ ನಮಸ್ಕಾರ.

ಸರ್ವಮಂಗಳಳನ್ನು ಗುರುವಾರ ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಕಳಿಸಿದರು.