ಅಣ್ಣನ ಕಾರಿನ ಕ್ಲಚ್ಚು

ಗೇರ್‌ಬಾಕ್ಸ್ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರಗಳಲ್ಲಷ್ಟೇ ಉಳಿದಿದೆ. ಬೀದಿಗೆಲ್ಲ ಅವನು ‘ಮೂರನೇ ಗೇರು’. ಯಾವ ಹಳೇ ಕಾರು ಬಂದರೂ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ ಬಿಡುತ್ತಾನೆ. ಎಂಜಿನ್ ಗಕ್ಕನೆ ನಿಂತರೆ ಕ್ಲಚ್ ಪ್ಲೇಟು ಗಟ್ಟಿ. ನಿಲ್ಲದೆ ಗುಂಯ್‌ಗುಡುತ್ತಲೇ ಇದ್ದರೆ ಸವೆದಿದೆ. ಇಪ್ಪತ್ತಾರು ವರ್ಷದಿಂದ ಇದೇ ಪರೀಕ್ಷೆ. ಅವನ ಹೆಂಡತಿಯಂತೂ, “ನಮ್ಮನೆಯವರೂ ಮೂರನೇ ಗೇರೇ, ಜೋರಾಗಿ ಓಡೋದೂ ಇಲ್ಲ, ನಿಲ್ಲೋದೂ ಇಲ್ಲ” ಎಂದು ನೆಂಟರ ಮುಂದೆಯೇ ಆಡಿಕೊಳ್ಳುತ್ತಾಳೆ.

ಅವನಿಗೊಂದು ಹಟ. ಕಾರಿನವರ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. “ನೀವು ಹೇಳೋದು ಬೇಡ, ಗಾಡಿ ಹೇಳುತ್ತೆ” ಎಂದು ಕೀ ಇಸಿದುಕೊಂಡು, ಒಬ್ಬನೇ ಒಂದು ಸುತ್ತು ಹೊಡೆದು ಬರುತ್ತಾನೆ. ಜೊತೆಗೆ ಬಂದವರು ತಲೆ ತಿನ್ನುತ್ತಾರೆ ಎಂಬುದು ಅವನ ದೂರು. ಈ ಹಟವೇ ಮುಳುವಾಯಿತು ಎಂದು ಈಗ ಯಾರು ಬೇಕಾದರೂ ಹೇಳಬಹುದು, ಆಗ ಹೊಳೆಯಬೇಕಲ್ಲ!

ಅವನ ಅಣ್ಣನದು ಇಪ್ಪತ್ತು ವರ್ಷದ ಹಳೇ ಬಿಳಿ ಕಾರು, ಬಾಡಿಗೆಗೆ ಓಡಿಸುತ್ತಾನೆ. ತಮ್ಮನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ಅವನೇ. ಅವನು ಗೇರು ಬದಲಿಸಿದ್ದು ಹಿಂದೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಂಥವನು ಒಂದು ದಿನ ಶೆಡ್ಡಿಗೆ ಬಂದು, “ಗೇರು ಕರಕರ ಅಂತಿದೆ ಕಣೋ, ರಿವರ್ಸ್ ಅಂತೂ ಬೀಳೋದೇ ಇಲ್ಲ” ಎಂದ. ಮೇಸ್ತ್ರಿ ಎಂದಿನಂತೆ ಒಬ್ಬನೇ ಓಡಿಸಿ ನೋಡಿದ. ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸು. ಕ್ಲಚ್ ಕೇಬಲ್ ಜಗ್ಗಿರಬೇಕೆಂದು ನಟ್ಟನ್ನು ಎರಡು ಸುತ್ತು ಬಿಗಿದು ಕಳಿಸಿದ. ಬಿಗಿದಷ್ಟೂ ಪೆಡಲನ್ನು ಕಡಿಮೆ ತುಳಿದರೆ ಸಾಕು. ಅಣ್ಣ ಖುಷಿಯಾದ. ತಿಂಗಳಿಗೆ ಮತ್ತೆ ಬಂದ. ಮತ್ತೆ ಎರಡು ಸುತ್ತು.

ಕೇಬಲನ್ನು ಹಾಗೆ ಬಿಗಿಯುತ್ತಾ ಹೋದರೆ ಕ್ಲಚ್ ಪೂರ್ತಿ ಕಚ್ಚಿಕೊಳ್ಳದೆ, ಜಾರಿ ಜಾರಿ ಪ್ಲೇಟು ಸುಟ್ಟುಹೋಗುತ್ತದೆ. ನಿನ್ನೆ ಮೊನ್ನೆ ಕೆಲಸ ಕಲಿತವನಿಗೂ ಗೊತ್ತಿರುವ ವಿಷಯ. ಅಣ್ಣನೆಂಬ ಸಲಿಗೆಯಲ್ಲಿ ಮೇಸ್ತ್ರಿ ಮರೆತ. ನಾಲ್ಕನೇ ತಿಂಗಳು ಕಾರು ಸುಟ್ಟ ವಾಸನೆ ಹೊತ್ತು ತೆವಳಿಕೊಂಡು ಬಂತು. ಹೊಸ ಪ್ಲೇಟು ಹಾಕಿದ. ಗೇರ್‌ಬಾಕ್ಸ್ ಬಿಚ್ಚಿ ಒಂದೊಂದು ಹಲ್ಲಿನ ಮೇಲೂ ಬೆರಳಾಡಿಸಿ ನೋಡಿದ. ಈ ಸಲ ಕೇಬಲ್ ಬಿಗಿಯದೆ ಪೆಡಲಿಗೆ ಎರಡು ಬೆರಳು ಸಡಿಲ ಬಿಟ್ಟುಕೊಟ್ಟ. ವಾರ ಕಳೆಯಲಿಲ್ಲ, ಅಣ್ಣ ಹಾಜರು.

“ಮತ್ತೆ ಕರಕರ ಕಣೋ.”

“ನಾನು ಓಡಿಸಿದ್ರೆ ಬರಲ್ಲ, ನೀನು ಓಡಿಸಿದ್ರೆ ಮಾತ್ರ ಯಾಕೆ ಬರುತ್ತೆ? ಓಡಿಸೋದೇ ಮರೆತುಬಿಟ್ಯಾ?” ಮೇಸ್ತ್ರಿ ರೇಗಿದ. “ಹತ್ತು, ನೀನೇ ಓಡಿಸು. ನಾನು ಪಕ್ಕದಲ್ಲಿ ಕೂತು ನೋಡ್ತೀನಿ.”

ಶಾಲೆಯ ತಿರುವಿನಲ್ಲಿ ಲಾರಿಯೊಂದು ಅಡ್ಡ ಬಂತು. ಅಣ್ಣ ಗೇರು ಇಳಿಸಬೇಕಿತ್ತು. ಎಡಗಾಲು ಎದ್ದು ಪೆಡಲಿನ ಮೇಲೆ ಕೂತಿತು, ಅರ್ಧಕ್ಕೆ ಇಳಿದು ನಿಂತುಬಿಟ್ಟಿತು. ಅಣ್ಣ ಎಡಗೈಯನ್ನು ಮಂಡಿಯ ಮೇಲೆ ಊರಿ ಕಾಲನ್ನು ಕೆಳಕ್ಕೆ ಒತ್ತಿದ. ಆ ಕೈ ಗೇರಿನ ಹತ್ತಿರ ಹೋಗುವಷ್ಟರಲ್ಲಿ ಪೆಡಲು ಅರ್ಧ ಮೇಲೆ ಬಂದಾಗಿತ್ತು. ಗೇರು ಕರ್ ಎಂದಿತು.

ಮೇಸ್ತ್ರಿಗೆ ಈಗ ಹೊಳೆಯಿತು. ಇಷ್ಟು ತಿಂಗಳಿಂದ ಅಣ್ಣನ ಕಾಲು ಸೋಲುತ್ತಾ ಬಂದಿತ್ತು. ಸೋತಷ್ಟಕ್ಕೂ ಸರಿಯಾಗಿ ತಾನು ನಟ್ಟು ಬಿಗಿದು ಅದನ್ನು ಮುಚ್ಚುತ್ತಾ ಬಂದಿದ್ದ.

“ಅಣ್ಣಾ, ಬದಿಗೆ ನಿಲ್ಸು. ಎಷ್ಟು ದಿನದಿಂದ ಹೀಗೆ?”

“ಏನು ಹೀಗೆ?”

“ನಿನ್ನ ಕಾಲು.”

ಅಣ್ಣ ಕಿಟಕಿಯಾಚೆ ನೋಡಿದ. “ಮೆಟ್ಟಿಲು ಹತ್ತೋವಾಗ ಒಂಚೂರು ತಡವರಿಸುತ್ತೆ, ಅಷ್ಟೇ. ಡಾಕ್ಟ್ರು ಏನೋ ನರದ ಕಾಯಿಲೆ ಅಂದ್ರು. ಇನ್ನೂ ಹೆಚ್ಚಾಗುತ್ತೆ, ಔಷಧಿ ಇಲ್ಲ ಅಂದ್ರು. ಅವರಿಗೇನು ಗೊತ್ತು? ಹಳೇ ಗಾಡಿ, ಕ್ಲಚ್ಚು ಬಿಗಿಯಾಗಿರುತ್ತೆ. ನೀನು ಸರಿಯಾಗಿ ನೋಡಿದ್ರೆ ಸಿಗುತ್ತೆ.”

ಹಿಂತಿರುಗುವಾಗ ಮೇಸ್ತ್ರಿಯೇ ಓಡಿಸಿದ. ಇನ್ನು ನೀನು ಸ್ಟೇರಿಂಗ್ ಮುಟ್ಟಬೇಡ ಎನ್ನಬೇಕಿತ್ತು. ಅಣ್ಣನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಆದರೆ ಸಿಟ್ಟು ಮಾಡಿಕೊಂಡು ಏನು ಮಾಡುವುದೆಂದು ತಿಳಿಯಲಿಲ್ಲ.

ಶೆಡ್ಡಿನಲ್ಲಿ ಅಣ್ಣ ಹಳೇ ಟೈರಿನ ಮೇಲೆ ಕೂತ. “ಇನ್ನೊಂದ್ಸಲ ಬಿಚ್ಚಿ ನೋಡೋ. ಗಾಡೀಲೇ ಇರುತ್ತೆ. ನೋಡೋ, ದಮ್ಮಯ್ಯ.”

ತಮ್ಮನೆದುರು ಅವನು ಎಂದೂ ಹೀಗೆ ಅಂಗಲಾಚಿದವನಲ್ಲ.

“ಆಯ್ತಣ್ಣ” ಎಂದು ಮೇಸ್ತ್ರಿ ಜಾಕ್ ಏರಿಸಿದ. ಯಾವ ದೋಷವೂ ಇಲ್ಲದ ಗೇರ್‌ಬಾಕ್ಸಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಅದು ಕೆಳಗಿರುವಷ್ಟು ದಿನ ಕಾರು ರಸ್ತೆಗೆ ಇಳಿಯುವುದಿಲ್ಲ. ಅವನ ಕೈಲಾಗುತ್ತಿದ್ದುದು ಅಷ್ಟೇ.

“ಎಷ್ಟು ದಿನ ಆಗಬಹುದೋ?” ಅಣ್ಣ ಕೇಳಿದ.

ಕಾರಿನ ಕೆಳಗೆ ಮಲಗಿದ್ದ ಮೇಸ್ತ್ರಿ ತೋಳಿನಿಂದ ಕಣ್ಣೊರೆಸಿಕೊಂಡ.

“ಗೊತ್ತಾಗ್ತಿಲ್ಲಣ್ಣ. ಈ ಸಲ ತಡ ಆಗುತ್ತೆ.”