ಕಮಲಾಪುರದ ಫೆಲ್ಡ್‌ಷರ್

ಪ್ರಿಯದರ್ಶಿನಿಗೆ ಬರಬೇಕಾದ ಐದು ತಿಂಗಳ ಪಗಾರ ಇನ್ನೂ ಬಂದಿಲ್ಲ. ಕೊಡಬೇಕಾದವರು ಬಡವರೇನಲ್ಲ, ಕಲಬುರಗಿಯಲ್ಲಿ ನಾಲ್ಕು ಮಹಡಿಯ ಆಸ್ಪತ್ರೆ ಕಟ್ಟಿಸಿಕೊಂಡು ಕೂತ ಡಾಕ್ಟರ್ ಸಾಹೇಬರು. ಆಕೆಯ ಊರು ಕಮಲಾಪುರದವರೇ.

ಅಪ್ಪ ಚಂದ್ರಶಾ ಅದೇ ಊರಿನಲ್ಲಿ ಕ್ಷೌರದ ಅಂಗಡಿ ಇಟ್ಟವರು. ಮಗಳನ್ನು ಡಾಕ್ಟರಿಕೆ ಓದಲು ರಷ್ಯಾಕ್ಕೆ ಕಳಿಸಿದರು. ನಾಲ್ಕು ವರ್ಷ ಮುಗಿಯುವಷ್ಟರಲ್ಲಿ ಅವರಿಗೆ ಲಕ್ವಾ ಹೊಡೆಯಿತು, ಓದು ನಿಂತಿತು. ಆಕೆ ಒಂದು ಪರೀಕ್ಷೆ ಪಾಸಾಗಿ ತಂದದ್ದು ಫೆಲ್ಡ್‌ಷರ್ ಸರ್ಟಿಫಿಕೇಟು: ಡಾಕ್ಟರಿಗಿಂತ ಕೆಳಗೆ, ನರ್ಸಿಗಿಂತ ಮೇಲೆ. ಜರ್ಮನ್ ಸೈನ್ಯದ ಆ ಪದವನ್ನು ರಷ್ಯದವರು, ಪೋಲೆಂಡಿನವರು, ಫಿನ್ಲೆಂಡಿನವರು ತಂತಮ್ಮ ನಾಲಿಗೆಗೆ ತಕ್ಕಂತೆ ತಿರುಚಿ ಎರವಲು ಪಡೆದರು. ಪದದ ಜೊತೆ ಕೆಲಸವನ್ನೂ ಪಗಾರವನ್ನೂ ಇಟ್ಟುಕೊಂಡರು. ನಮ್ಮ ಸಾಹೇಬರು ಕೆಲಸವನ್ನಷ್ಟೇ ಇಟ್ಟುಕೊಂಡರು.

ಆಸ್ಪತ್ರೆಯ ಬೋರ್ಡಿನ ಮೇಲೆ ಆಕೆ ‘ರಷ್ಯಾ ರಿಟರ್ನ್’. ರೋಗಿಯ ಬಿಲ್ಲಿನಲ್ಲಿ ‘ಸ್ಪೆಷಲ್ ಚಾರ್ಜು’. ಪಗಾರದ ದಿನ ಮಾತ್ರ ಆಕೆ ಯಾರೋ ಏನೋ.

ಮೊನ್ನೆ ಕೇಳಲು ಹೋದಾಗ ಸಾಹೇಬರು ಮೊಬೈಲಿನಲ್ಲಿ ಆ ಪದದ ಮೂಲ ಹುಡುಕಿ ನಕ್ಕರು.

“ಏನವಾ, ಇದು ಫೌಜಿನಾಗ ಕ್ಷೌರ ಮಾಡಂವನ ಹೆಸರು ಅಂತಲ್ಲ! ನಿಮ್ಮಪ್ಪನ ಕೆಲಸ ಕಲೀಲಾಕ ಅಷ್ಟು ದೂರ ಹೋಗಿದ್ದೇನು?”

“ಹೌದ್ರೀ ಸರ. ಫೌಜಿನಾಗ ಗಾಯ ಹೊಲೀತಿದ್ದಂವನೂ ಅಂವನೇ.”

“ಹಂಗಾದ್ರ ಆಪರೇಷನ್ ಪೇಷಂಟಿನ ಕೂದ್ಲ ತಗಿ. ಆ ಪೋಸ್ಟ್ ಖಾಲಿ ಅದ.”

“ತಗೀತೀನ್ರೀ. ಮೊದಲ ಹಳೇ ಬಾಕಿ ಮುಟ್ಟಸ್ರಿ. ನಿಮ್ಮವ್ವನ ಹೆರಿಗಿ ಮಾಡಿಸಿದಾಕಿ ನಮ್ಮಾಯಿ ಪುತಳಾಬಾಯಿ. ನಿಮ್ಮ ಹೊಕ್ಕಳ ಕೊಯ್ದಾಕೀನೂ ಆಕೀನೇ. ಒಂದು ಮೊರ ಜೋಳ ಕೊಡ್ತೀವಿ ಅಂದಿದ್ರಂತ ನಿಮ್ಮ ಮನ್ಯಾಗ. ಅದೂ ಬಂದಿಲ್ಲ.”

ಬಾಗಿಲಲ್ಲಿದ್ದ ನರ್ಸ್ ಮೆಹರೀನ್ ಜೋರಾಗಿ ಕೆಮ್ಮಿದಳು. ನಗು ಅಡಗಿಸಲು ಬೇರೆ ದಾರಿ ಇರಲಿಲ್ಲ. ಸಾಹೇಬರು ಮೊಬೈಲ್ ಕಿಸೆಗೆ ಇಳಿಸಿದರು.

“ಫೆಲ್ಡ್‌ಷರ್ ಅನ್ನೋ ಪೋಸ್ಟೇ ನಮ್ಮಲ್ಲಿ ಇಲ್ಲಂದ್ರ ಪಗಾರ ಹ್ಯಾಂಗ ಕೊಡ್ಲಿ?”

ಐದು ತಿಂಗಳು ಬಿಲ್ ಹರಿಯುವಾಗ ಈ ಸಂಶಯ ಅವರಿಗೆ ಬಂದಿರಲಿಲ್ಲ.

ಮರುದಿನದಿಂದ ಪ್ರಿಯದರ್ಶಿನಿ ಒಳಗೆ ಹೋಗಿಲ್ಲ. ಅಜ್ಜಿ ಪುತಳಾಬಾಯಿಯ ಕಾಲದ ಖಾಲಿ ಮೊರವನ್ನು ಮುಂದಿಟ್ಟುಕೊಂಡು ಆಸ್ಪತ್ರೆಯ ಗೇಟಿನಲ್ಲಿ ಕೂತಿದ್ದಾಳೆ. ಪುಣ್ಯವಂತರು ಭಿಕ್ಷೆಯೆಂದು ಹತ್ತು ರೂಪಾಯಿ ಎಸೆಯುತ್ತಾರೆ. ಆಕೆ ಎದ್ದು ಹೋಗಿ ವಾಪಸ್ ಕೊಟ್ಟು ಬರುತ್ತಾಳೆ.

ನಿಮ್ಮ ಮರುಕವೂ ಬೇಡ. ನೀವು ಆ ಆಸ್ಪತ್ರೆಗೆ ಹೋಗುವವರೇ. ಬಿಲ್ಲಿನಲ್ಲಿ ‘ಸ್ಪೆಷಲ್ ಚಾರ್ಜು’ ಕಂಡ ಕೂಡಲೇ ಕೌಂಟರಿನಲ್ಲಿ ನಿಂತು ಗಟ್ಟಿಯಾಗಿ ಕೇಳಿ: ಈ ದುಡ್ಡು ಪ್ರಿಯದರ್ಶಿನಿಗೆ ಯಾವತ್ತು ಕೊಡುತ್ತೀರಿ? ಉತ್ತರ ಬರುವ ತನಕ ಪಾಕೀಟು ತೆಗೆಯಬೇಡಿ.