ಕೈಗಾ ದಾರಿಗೆ ಕಳಿಸಿದ ಮಧ್ಯಾಹ್ನ

ಕಳೆದ ವಾರ ಅಂಕೋಲಾದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಘಟ್ಟ ಇಳಿದು ಬಂದ ಲಾರಿಯೊಂದು ಎದುರಿಗೇ ನಿಂತಿತು. ಕಾದ ಬ್ರೇಕ್ ಲೈನರಿನ ಕಮಟು ವಾಸನೆ. ಓಢಣಿಯನ್ನು ಮೂಗಿಗೆ ಒತ್ತಿಕೊಂಡರೂ ಒಳಗೆ ಹೋಯಿತು. ನಮ್ಮ ಪಕ್ಕದ ಮನೆಯ ಮಾಮನ ಅಂಗಿಗೆ ಸದಾ ಇದೇ ವಾಸನೆಯಿತ್ತು...

ಮಾಮ ಟ್ರೇಲರ್ ಓಡಿಸುತ್ತಿದ್ದರು. ಅವರ ಅಪ್ಪ, ಅಣ್ಣಂದಿರೆಲ್ಲ ಮೀನಿಗೆ ಹೋಗುವವರು; ಇವರೊಬ್ಬರಿಗೆ ಸಮುದ್ರ ಒಗ್ಗಲಿಲ್ಲವಂತೆ. ಬೈತಖೋಲ ಬಂದರಿನಿಂದ ಹುಬ್ಬಳ್ಳಿ ಕಡೆಗೆ ಕಬ್ಬಿಣದ ಸಾಮಾನು ಒಯ್ಯುತ್ತಿದ್ದರು. ಡಿಗ್ರಿ ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದ ನನಗೆ, ತಮ್ಮ ಮಾಲೀಕರ ಹತ್ತಿರ ಮಾತಾಡಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಕೊಡಿಸಿದವರು ಅವರೇ.

ಹೊರಡುವ ಮುಂಚೆ ಆಫೀಸಿನ ಬೆಂಚಿನ ಮೇಲೆ ಕೂತು ಮೂರು ಫೋನ್ ಮಾಡುತ್ತಿದ್ದರು. ಘಟ್ಟದ ಬುಡದ ಚಾ ಅಂಗಡಿಗೆ, ಯಲ್ಲಾಪುರದ ಪಂಕ್ಚರ್ ಅಂಗಡಿಗೆ, ಆ ಹೊತ್ತಿಗೆ ಇಳಿದು ಬರುತ್ತಿರುವ ಯಾರಾದರೊಬ್ಬ ಡ್ರೈವರಿಗೆ. ಮಳೆ ಹೇಗಿದೆ, ಎಲ್ಲಿ ಗಾಡಿ ಕೆಟ್ಟು ನಿಂತಿದೆ, ಎಲ್ಲಿ ಸಂತೆ... ಆಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಲ್ಲಿ ದಾರಿಯ ಗೆರೆ ಎಳೆಯುತ್ತಿದ್ದರು. ಕಿಲೋಮೀಟರ್ ಬರೆಯುತ್ತಿರಲಿಲ್ಲ. ಯಾವ ತಿರುವಿಗೆ ಎಷ್ಟು ಅಗಲ ಬೇಕು, ಬ್ರೇಕ್ ಆರಲು ಎಲ್ಲಿ ನಿಲ್ಲಿಸಬೇಕು, ಅಷ್ಟೇ. ನನಗೆ ನಗು ಬರುತ್ತಿತ್ತು.

ಆ ವರ್ಷ ಮಾಲೀಕರು ದಾರಿ ತೋರಿಸುವ ಸಾಫ್ಟ್‌ವೇರ್ ತಂದರು. ಅದನ್ನು ನಡೆಸುವ ಕೆಲಸ ನನ್ನದಾಯಿತು. ಹೊರಡುವ ಊರು, ಸೇರುವ ಊರು ಹಾಕಿದರೆ ನೀಲಿ ಗೆರೆ ಮೂಡುತ್ತಿತ್ತು. ಅದನ್ನೇ ಚಾಲಕರ ಮೊಬೈಲಿಗೆ ಕಳಿಸುತ್ತಿದ್ದೆ. ಆಫೀಸಿನಲ್ಲಿ ನನ್ನ ಮಾತಿಗೆ ಮೊದಲ ಬಾರಿ ಬೆಲೆ ಬಂದಿತ್ತು.

ಮಳೆಗಾಲ. ಅಂಕೋಲಾ ದಾರಿಯ ಅರಬೈಲ್ ಘಟ್ಟದಲ್ಲಿ ಮಣ್ಣು ಜಾರಿ, ಒಂದೇ ಬದಿಯಲ್ಲಿ ಗಾಡಿ ಬಿಡುತ್ತಿದ್ದರು. ಮಾಮನ ಟ್ರೇಲರಿನಲ್ಲಿ ಉದ್ದನೆಯ ಕಬ್ಬಿಣದ ಕೊಳವೆಗಳಿದ್ದವು, ಅವು ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿರಬೇಕಿತ್ತು. ನನ್ನ ಪರದೆ ಕದ್ರಾ, ಕೈಗಾ ಮೇಲೆ ಹಾದು ಯಲ್ಲಾಪುರ ಸೇರುವ ದಾರಿ ತೋರಿಸಿತು. ಮಾಮ ಒಪ್ಪಲಿಲ್ಲ. ಬಂದರಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ಕೂತರು. ಮಾಲೀಕರು ನನ್ನ ಕಡೆ ತಿರುಗಿ, ‘ನೀ ಹೇಳು, ನಿನ್ನ ಮಾತು ಕೇಳ್ತಾರೆ’ ಎಂದರು.

ನಾನು ಫೋನ್ ಮಾಡಿದೆ.

‘ಕೈಗಾ ತಿರುವಿಗೆ ಈ ಗಾಡಿ ಆಗೂದಿಲ್ಲ ತಂಗೀ. ಅಂಕೋಲಾ ಮೇಲೇ ಹೋಗ್ತೆ, ತಡ ಆದ್ರೆ ಆಗ್ಲಿ.’

‘ಮಷೀನ್ ಸುಳ್ಳು ಹೇಳೂದಿಲ್ಲ ಮಾಮಾ. ಇದೊಂದು ಸಲ ಹೋಗಿ. ಇಲ್ಲಾಂದ್ರೆ ನನ್ನ ಮರ್ಯಾದಿ ಹೋಗ್ತದೆ.’

‘ನೀ ಹೇಳ್ತಿ ಅಂದ್ರೆ ಹೋಗ್ತೆ’ ಎಂದರು.

ಕೈಗಾ ದಾಟಿ ಮೇಲೆ ಹತ್ತುವಾಗ, ಒಂದು ತಿರುವಿನಲ್ಲಿ ಟ್ರೇಲರಿನ ಹಿಂಭಾಗ ತಿರುಗಲಿಲ್ಲ. ನೆನೆದ ರಸ್ತೆಯ ಅಂಚು ಕುಸಿಯಿತು. ಗಾಡಿ ಮಗುಚಿ, ಕೊಳವೆಗಳು ಕ್ಯಾಬಿನ್ನಿಗೆ ನುಗ್ಗಿದವು. ಹಿಂದೆ ಬರುತ್ತಿದ್ದ ಬಸ್ಸಿನವರು ಅವರನ್ನು ಹೊರಗೆಳೆದರಂತೆ. ಜೀವ ಉಳಿಯಿತು. ಬಲಗಾಲನ್ನು ತೊಡೆಯಿಂದ ಕೆಳಗೆ ಕತ್ತರಿಸಬೇಕಾಯಿತು.

ಸುದ್ದಿ ಬಂದ ಮೇಲೆ ಆ ಸಾಫ್ಟ್‌ವೇರ್ ತೆರೆದೆ. ಅದರಲ್ಲಿ ವಾಹನದ ವಿವರ ತುಂಬುವ ಪುಟವೊಂದಿತ್ತು, ನಾನು ಒಮ್ಮೆಯೂ ತೆರೆದಿರಲಿಲ್ಲ. ಅಲ್ಲಿ ‘ಕಾರು’ ಎಂದಿತ್ತು. ಟ್ರೇಲರ್ ಎಂದು ಬದಲಿಸಿ, ಉದ್ದ, ತೂಕ ತುಂಬಿದೆ. ನೀಲಿ ಗೆರೆ ಕೈಗಾದ ಕಾಡು ಬಿಟ್ಟು ಅಂಕೋಲಾದ ಮೇಲೆ ಹೋಯಿತು, ಮಾಮ ಹೇಳಿದ ದಾರಿಗೇ.

ವಿಮೆಯವರು ವಿಚಾರಣೆಗೆ ಬಂದಾಗ ಮಾಲೀಕರು ನನ್ನ ಪಕ್ಕದಲ್ಲೇ ಕೂತಿದ್ದರು. ಈ ದಾರಿ ಯಾರು ಕೊಟ್ಟದ್ದು ಎಂದು ಬಂದವರು ಕೇಳಿದರು. ‘ಡ್ರೈವರೇ ಹೋದ್ರು, ನಾವು ಅಂಕೋಲಾ ದಾರಿ ಕೊಟ್ಟಿದ್ವಿ’ ಎಂದೆ. ಬದಲಿಸಿದ ಪರದೆಯನ್ನೇ ತೋರಿಸಿದೆ; ಮಾಮನ ಮೊಬೈಲ್ ಕ್ಯಾಬಿನ್ನಿನಲ್ಲೇ ಪುಡಿಯಾಗಿತ್ತು. ಹೀಗೆ ಹೇಳೆಂದು ಯಾರೂ ಹೇಳಿಕೊಟ್ಟಿರಲಿಲ್ಲ ನನಗೆ... ಮಾಲೀಕರು ಕೂಡ ಅಷ್ಟನ್ನು ಕೇಳಿರಲಿಲ್ಲ. ತಪ್ಪು ಚಾಲಕನದೆಂದು ಕಾಗದವಾಯಿತು. ಕೇಸೂ ಅವರ ಮೇಲೇ ಬಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದೇ ಒಂದು ಸಲ ನೋಡಲು ಹೋದೆ. ವಿಮೆಯವರಿಗೆ ನಾನು ಹೇಳಿದ್ದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಮಾಮಿ ಚಾ ಮಾಡಲು ಒಳಗೆ ಹೋದಾಗ ಮೆಲ್ಲಗೆ ಹೇಳಿದರು, ‘ನೀ ಹೇಳ್ದದ್ದು ಬರೋಬ್ಬರಿ ಅದೆ. ಸ್ಟೇರಿಂಗ್ ನನ್ನ ಕೈಯಲ್ಲೇ ಇತ್ತಲ್ಲ.’ ನಾನು ಬಾಯಿ ತೆರೆಯುವ ಮೊದಲೇ, ‘ಇನ್ನು ನೀ ಬರೂದು ಬೇಡ’ ಎಂದರು.

ಹೋಗಲಿಲ್ಲ. ಎರಡು ಮನೆಗಳ ನಡುವೆ ಒಂದು ಬೇಲಿ ಮಾತ್ರ. ಆರು ವರ್ಷ ಅವರು ಜಗಲಿಯಲ್ಲಿ ಕೂತಿರುತ್ತಿದ್ದರು, ನಾನು ಹಿಂಬಾಗಿಲಿನಿಂದ ಆಫೀಸಿಗೆ ಹೋಗುತ್ತಿದ್ದೆ. ಹೋದ ವರ್ಷ ತೀರಿಕೊಂಡರು.

ಲಾರಿಯ ವಾಸನೆ ಬಡಿದ ದಿನ ಸಂಜೆ ಮಾಮಿ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಣಹಾಕುತ್ತಿದ್ದರು. ಬೇಲಿಯಾಚೆಯಿಂದಲೇ ನನ್ನನ್ನು ಕೇಳಿದರು, ‘ಆ ದಿನ ನೀ ಆಫೀಸಲ್ಲೇ ಇದ್ದೆ ಅಲ್ದಾ? ಅವ್ರು ತಾವಾಗೇ ಆ ರಸ್ತೆಗೆ ಹೋಗೂವವ್ರಲ್ಲ. ಎಷ್ಟು ಕೇಳಿದ್ರೂ ನಂಗೆ ಹೇಳ್ಲೇ ಇಲ್ಲ.’

ಇಷ್ಟು ವರ್ಷ ಮಾಮ ಹೆಂಡತಿಗೂ ನನ್ನ ಹೆಸರು ಹೇಳಿರಲಿಲ್ಲ.

‘ನಾನೇ ಕಳ್ಸಿದ್ದು ಮಾಮಿ. ಸುಳ್ಳು ಹೇಳ್ದವ್ಳೂ ನಾನೇ’ ಎಂದೆ.

ಮಾಮಿ ಕೈಯಲ್ಲಿದ್ದ ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದರು.

‘ಇದನ್ನ ಅವ್ರಿದ್ದಾಗ ಹೇಳೂಕಾಗಿತ್ತು’ ಎಂದು, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.